ಏಳು ಜನರ ಕೆಲಸ, ಒಬ್ಬರ ಹೆಸರು

ಅಮೆರಿಕದ ಹ್ಯೂಸ್ಟನ್‌ನಲ್ಲಿರುವ ಪ್ರಾಜೆಕ್ಟ್ ರೋ ಹೌಸಸ್ ಅನ್ನೋ ಕಲಾ ಯೋಜನೆಯ ಬಗ್ಗೆ ನಿಮ್ಮ ಲೇಖನ ಓದಿದೆ. ಅದು ‘ಕಲಾವಿದ ರಿಕ್ ಲೋ ಒಬ್ಬರ ಕನಸು’ ಅಂತ ಬರೆದಿದ್ದೀರಲ್ಲ, ಅದು ತಪ್ಪು. 1993ರಲ್ಲಿ ಥರ್ಡ್ ವಾರ್ಡ್ ಅನ್ನೋ ಅಲ್ಲಿನ ಕಪ್ಪು ಜನರ ಬಡಾವಣೆಯಲ್ಲಿ ಅದನ್ನು ಶುರು ಮಾಡಿದ್ದು ಲೋ ಸೇರಿ ಏಳು ಮಂದಿ ಕಪ್ಪು ಕಲಾವಿದರು. ಜೆಸ್ಸಿ ಲಾಟ್, ಬರ್ಟ್ ಲಾಂಗ್, ಫ್ಲಾಯ್ಡ್ ನ್ಯೂಸಮ್ ಇವರೆಲ್ಲ ಎಲ್ಲಿ ಹೋದರು? 2014ರಲ್ಲಿ ಲೋ ಅವರಿಗೆ ಅಮೆರಿಕದ ದೊಡ್ಡ ಗೌರವವಾದ ಮ್ಯಾಕ್‌ಆರ್ಥರ್ ಫೆಲೋಶಿಪ್ ಬಂತು, ಆಮೇಲೆ ಬರೆಯುವವರಿಗೆಲ್ಲ ಒಂದೇ ಹೆಸರು ಸಾಕಾಯಿತು. ಪಾಪ, ಲೋ ಅವರೇನೂ ಹಾಗೆ ಬರೆಯಿರಿ ಅಂದಿಲ್ಲ ಬಿಡಿ.

ಆ ಜಾಗವನ್ನು ನೀವು ಕರೆದ ‘ಗ್ಯಾಲರಿ’ ಅನ್ನೋ ಮಾತೂ ನನಗೆ ಒಪ್ಪಿಗೆಯಾಗಲಿಲ್ಲ. ಅಲ್ಲಿದ್ದದ್ದು ಪಾಳು ಬಿದ್ದ 22 ಶಾಟ್‌ಗನ್ ಮನೆಗಳು, ಅಂದರೆ ಒಂದು ಕೋಣೆಯ ಹಿಂದೆ ಇನ್ನೊಂದು ಕೋಣೆ ಇರುವ, ಹ್ಯೂಸ್ಟನ್‌ನ ಚಿತ್ರಕಾರ ಜಾನ್ ಬಿಗರ್ಸ್ ತಮ್ಮ ಚಿತ್ರಗಳಲ್ಲಿ ಮತ್ತೆ ಮತ್ತೆ ಬರೆದ ಅದೇ ಇಕ್ಕಟ್ಟಾದ ಮನೆಗಳು. ಅವನ್ನು ರಿಪೇರಿ ಮಾಡಿ ಕೆಲವನ್ನು ಕಲಾವಿದರಿಗೆ ಕೊಟ್ಟರು, ಇನ್ನು ಕೆಲವದರಲ್ಲಿ ಓದು ಮುಂದುವರಿಸುವ ಒಂಟಿ ತಾಯಂದಿರು ಮಕ್ಕಳ ಜೊತೆ ಇರಲು ಜಾಗ ಮಾಡಿದರು. ಗ್ಯಾಲರಿಯಲ್ಲಿ ಯಾರಾದರೂ ಮಗುವಿಗೆ ಸ್ನಾನ ಮಾಡಿಸ್ತಾರಾ? ತಾಯಂದಿರ ಬಗ್ಗೆ ಒಂದು ಸಾಲೂ ಇಲ್ಲದೆ ಬರೀ ಪ್ರದರ್ಶನಗಳ ಫೋಟೋ ಹಾಕಿದ್ದೀರಿ, ಅರ್ಧ ಕಥೆ ಅಲ್ವಾ ಅದು?