ಮಾತು ಬಿಟ್ಟವರ ನಡುವೆ

ಮಂಡ್ಯದ ಬಳಿಯ ನಮ್ಮೂರಿನಲ್ಲಿ ನನ್ನ ದೊಡ್ಡಪ್ಪನವರೂ ಪಕ್ಕದ ಗದ್ದೆಯ ಅವರ ಗೆಳೆಯರೂ ಕಳೆದ ಚುನಾವಣೆಯಿಂದ ಮಾತು ಬಿಟ್ಟಿದ್ದಾರೆ. ಇಬ್ಬರ ಕಬ್ಬಿಗೂ ವಿಶ್ವೇಶ್ವರಯ್ಯ ನಾಲೆಯ ಒಂದೇ ತೂಬಿನಿಂದ ನೀರು ಹರಿಯುತ್ತದೆ. ನಲವತ್ತು ವರ್ಷ ಜಗಳವಿಲ್ಲದೆ ಅದನ್ನು ಹಂಚಿಕೊಂಡವರು ಈಗ ಯಾರ ಸರದಿ ಯಾವಾಗ ಎಂಬುದನ್ನು ಮೊಮ್ಮಕ್ಕಳ ಮೂಲಕ ಹೇಳಿ ಕಳಿಸುತ್ತಾರೆ. ರಜೆಗೆ ಬಂದ ನನಗೆ ಇದನ್ನು ನೋಡಿ ಬಹಳ ಸಂಕಟವಾಯಿತು.

ನಾನಿರುವ ಅಮೆರಿಕದ ಒಹಾಯೊ ರಾಜ್ಯದಲ್ಲೂ ಇಂಥ ಒಡಕು ಮನೆಮನೆಯೊಳಗೆ ಇಳಿದಿದೆ. 2016ರ ಅಧ್ಯಕ್ಷೀಯ ಚುನಾವಣೆ ಮುಗಿದ ಮರುತಿಂಗಳು ಅಲ್ಲಿನ ಸೌತ್ ಲೆಬನಾನ್ ಎಂಬ ಸಣ್ಣ ಊರಿನಲ್ಲಿ ಟ್ರಂಪ್ ಮತ್ತು ಕ್ಲಿಂಟನ್ ಬೆಂಬಲಿಗರನ್ನು ಒಟ್ಟಿಗೆ ಕೂರಿಸಿದ ಸಭೆಯಿಂದ ‘ಬ್ರೇವರ್ ಏಂಜಲ್ಸ್’ ಸಂಘಟನೆ ಹುಟ್ಟಿತು. ಅದರ ಕಾರ್ಯಾಗಾರಗಳ ಕ್ರಮವನ್ನು ರೂಪಿಸಿದವರು ಕುಟುಂಬ ಚಿಕಿತ್ಸಕ ಬಿಲ್ ಡೊಹರ್ಟಿ. ಎದುರಿನವರು ತಮ್ಮ ಬಗ್ಗೆ ಏನೆಲ್ಲ ತಪ್ಪು ತಿಳಿದಿದ್ದಾರೆಂದು ಪ್ರತಿ ಬಣವೂ ಮೊದಲು ಪಟ್ಟಿ ಮಾಡಬೇಕು. ಬಳಿಕ ಆ ಮಾತುಗಳಲ್ಲಿ ಎಷ್ಟು ನಿಜವಿದೆ ಎಂಬುದನ್ನೂ ತಾನೇ ಬಾಯಿಬಿಟ್ಟು ಹೇಳಬೇಕು. ಇನ್ನೊಂದು ಸುತ್ತಿನಲ್ಲಿ ಒಂದು ಬಣ ನಡುವೆ ಕುಳಿತು ಮಾತನಾಡಿದರೆ, ಮತ್ತೊಂದು ಸುತ್ತಲೂ ಕುಳಿತು ಸುಮ್ಮನೆ ಕೇಳಬೇಕು. ಯಾರೂ ತಮ್ಮ ಮತವನ್ನು ಬದಲಿಸಬೇಕಿಲ್ಲ.

ಇಂಥದ್ದು ನಮಗೆ ಹೊಸದೇನಲ್ಲ. 1991ರ ಕಾವೇರಿ ಗಲಭೆಯ ನೆನಪು ಮಾಸದಿದ್ದ ಕಾಲದಲ್ಲಿ, 2003ರಲ್ಲಿ, ಮದ್ರಾಸ್ ಅಭಿವೃದ್ಧಿ ಅಧ್ಯಯನ ಸಂಸ್ಥೆಯ ಮುತುವರ್ಜಿಯಿಂದ ಕರ್ನಾಟಕ ಮತ್ತು ತಮಿಳುನಾಡಿನ ರೈತರು ‘ಕಾವೇರಿ ಕುಟುಂಬ’ ಎಂಬ ಹೆಸರಿನಲ್ಲಿ ಸೇರಿ, ಒಬ್ಬರು ಇನ್ನೊಬ್ಬರ ಹೊಲಗದ್ದೆಗಳಿಗೆ ಹೋಗಿ ಕಷ್ಟವನ್ನು ಕಣ್ಣಾರೆ ಕಂಡುಬಂದರು. ನೀರಿನ ಹಂಚಿಕೆ ಅವರಿಂದ ತೀರ್ಮಾನವಾಗಲಿಲ್ಲ, ಅದು 2018ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನವರೆಗೂ ಹೋಯಿತು. ಆದರೂ ಎದುರಾಳಿಯ ಬಿರುಕುಬಿಟ್ಟ ಗದ್ದೆಯನ್ನು ಒಮ್ಮೆ ನೋಡಿದ ರೈತ ಅವನನ್ನು ಮೊದಲಿನಷ್ಟು ಸಲೀಸಾಗಿ ಕಳ್ಳನೆನ್ನಲಾರ ಎಂದು ನಾನು ನಂಬುತ್ತೇನೆ.

ಒಹಾಯೊದಲ್ಲಿ ಅಪರಿಚಿತರು ಸೇರುವುದರಿಂದ ನಿಯಮಗಳು ಬೇಕಾಗುತ್ತವೆ; ನಮ್ಮೂರಿನವರಿಗೆ ಗದ್ದೆ, ಆಲೆಮನೆ, ಅರಳಿಕಟ್ಟೆ ಎಲ್ಲವೂ ಹೊಂದಿಕೊಂಡೇ ಇವೆ. ಕೊರತೆಯಿರುವುದು ತನ್ನ ಪಕ್ಷದ ತಪ್ಪನ್ನು ತಾನೇ ಒಪ್ಪಿಕೊಳ್ಳುವ ರೂಢಿಯಲ್ಲಿ. ಅದನ್ನು ಅಲ್ಲಿಂದ ಕಲಿಯಬೇಕು.

ಹೊರಡುವ ಮುನ್ನಾದಿನ ಧೈರ್ಯಮಾಡಿ ಕೇಳಿದೆ: “ದೊಡ್ಡಪ್ಪ, ಅವರು ನಿಮ್ಮ ಬಗ್ಗೆ ಏನು ತಿಳಿದುಕೊಂಡಿರಬಹುದು?”

“ನಾನು ಜಾತಿ ನೋಡಿ ವೋಟು ಹಾಕ್ತೀನಿ ಅಂದ್ಕೊಂಡವ್ನೆ” ಎಂದರು. ಬಹಳ ಹೊತ್ತು ನಾಲೆಯ ಕಡೆ ನೋಡುತ್ತಿದ್ದು, ಮೆಲ್ಲಗೆ ಸೇರಿಸಿದರು: “ಅದ್ರಲ್ಲಿ ಒಸಿ ನಿಜಾನೂ ಅದೆ ಕಣಪ್ಪ.”