ಹಸಿರು ಸೊಸೆ

"ಲೋ, ಸೊಸೆ ಮುಖ ಹಸಿರಾಗಿಬಿಟ್ಟಿದೆ ಕಣೋ."

ಹಾಸನದಿಂದ ಅಮ್ಮನ ಫೋನು. ನಾನು ಗಾಬರಿಯಾಗಿ ಅಡುಗೆಮನೆ ಕಡೆ ನೋಡಿದೆ. ಅಮ್ಮನ ಸೊಸೆ ಒಗ್ಗರಣೆ ಹಾಕುತ್ತಿದ್ದಳು. ಮುಖದ ಬಣ್ಣ ಎಂದಿನಂತೆಯೇ ಇತ್ತು. ಆಮೇಲೆ ಗೊತ್ತಾಯಿತು, ಅಮ್ಮ ಹೇಳುತ್ತಿದ್ದದ್ದು ಏಳು ಗಂಟೆ ಧಾರಾವಾಹಿಯ ಸೊಸೆ ವಿಚಾರ.

ಊರಲ್ಲಿರುವುದು 21 ಇಂಚಿನ ಹಳೇ ಟೀವಿ. ಮುಂದೆ ದಪ್ಪ ಗಾಜು, ಹಿಂದೆ ದೊಡ್ಡ ಗೂನು. ಗೋಡೆಗೆ ನೇತುಹಾಕುವ ಟೀವಿ ಕೊಡಿಸ್ತೀನಿ ಅಂದಾಗಲೆಲ್ಲ ಅಮ್ಮನದು ಒಂದೇ ಪ್ರಶ್ನೆ: "ಅದರ ಮೇಲೆ ಗಣಪತಿ ಎಲ್ಲಿ ಇಡ್ಲಿ?" ಇದಕ್ಕೆ ನನ್ನ ಹತ್ತಿರ ಇವತ್ತಿಗೂ ಉತ್ತರವಿಲ್ಲ.

ಶನಿವಾರ ಊರಿಗೆ ಹೋಗಿ ನೋಡಿದೆ. ಪರದೆಯ ಬಲಗಡೆ ಮೂಲೆಯಲ್ಲಿ ಅಂಗೈಯಗಲ ಹಸಿರು, ಅದರ ಅಂಚಿಗೆ ನೇರಳೆ. ಎಡಗಡೆ ನಿಂತಾಗ ಲಕ್ಷಣವಾಗಿಯೇ ಇದ್ದ ಸೊಸೆ ಬಲಕ್ಕೆ ಬಂದರೆ ಸೊಪ್ಪಿನ ಸಾರಲ್ಲಿ ಮುಖ ಅದ್ದಿಕೊಂಡ ಹಾಗೆ. ಅತ್ತೆ ಹಸಿರಾದರೆ ಮಾತ್ರ ಅಮ್ಮನಿಗೆ ಬೇಜಾರಿಲ್ಲ. "ಅವಳಿಗೆ ಹಾಗೇ ಆಗಬೇಕು."

ನಾನು ಎಂಜಿನಿಯರು. ಸಿವಿಲ್. ಆದರೆ ಊರಲ್ಲಿ ಎಂಜಿನಿಯರ್ ಅಂದರೆ ಎಂಜಿನಿಯರ್, ಅಷ್ಟೇ. ಮಿಕ್ಸಿಯೂ ರಿಪೇರಿ ಮಾಡಬೇಕು, ಟೀವಿಯೂ ಮಾಡಬೇಕು. ಸೆಟ್‌ಟಾಪ್ ಬಾಕ್ಸಿನ ಹಳದಿ, ಕೆಂಪು, ಬಿಳಿ ಪಿನ್ನುಗಳನ್ನು ಕಿತ್ತು, ಊದಿ, ಮತ್ತೆ ಚುಚ್ಚಿದೆ. ಧ್ವನಿ ಹೋಯಿತು, ಹಸಿರು ಹಾಗೇ ಉಳಿಯಿತು. ಧ್ವನಿ ವಾಪಸ್ ತರುವುದಕ್ಕೇ ಹತ್ತು ನಿಮಿಷ ಬೇಕಾಯಿತು. ರಿಮೋಟಲ್ಲಿ ಕಲರನ್ನು ಸೊನ್ನೆಗೆ ಇಳಿಸಿದೆ. ಇಡೀ ಚಿತ್ರ ಕಪ್ಪು-ಬಿಳುಪಾಯಿತು, ಮೂಲೆ ಮಾತ್ರ ಹಸಿರಾಗಿಯೇ ಇತ್ತು! ಇದು ಕೇಬಲ್ಲಲ್ಲಿ ಬಂದ ಬಣ್ಣವಲ್ಲ, ಗಾಜಿನ ಹಿಂದೆಯೇ ಹುಟ್ಟಿದ್ದು ಅಂತ ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಅಪ್ಪನ ಕಾಲದ ಚಿಕಿತ್ಸೆಯೂ ಆಗಲಿ ಅಂತ ಪಕ್ಕೆಗೆ ಎರಡು ಬಿಗಿದೆ. ಗಣಪತಿ ಬೋರಲು ಬಿದ್ದ.

ಅಷ್ಟರಲ್ಲಿ ಎದುರುಮನೆ ಮೇಷ್ಟ್ರು ಬಂದರು. ಕಾಫಿ ಕುಡಿಯುತ್ತಾ ಎರಡು ನಿಮಿಷ ಮೂಲೆಯನ್ನೇ ನೋಡಿದರು. "ಪಿಕ್ಚರ್ ಟ್ಯೂಬ್ ಹೋಯ್ತು ಕಣಯ್ಯಾ" ಅಂದರು, ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ. ಅಮ್ಮ ಸೆರಗಲ್ಲಿ ಕಣ್ಣೊರೆಸಿಕೊಳ್ಳುವುದೊಂದು ಬಾಕಿ.

ಹಿಂದಿನ ಮುಚ್ಚಳ ಬಿಚ್ಚಿಯೇಬಿಡೋಣ ಅಂತ ಸ್ಕ್ರೂಡ್ರೈವರ್ ಹಿಡಿದೆ. ಬಿಚ್ಚುವ ಮೊದಲು ಪರಿಚಯದ ರಿಪೇರಿಯವನಿಗೆ ಒಂದು ಫೋನ್ ಮಾಡಿದ್ದು ನನ್ನ ಪುಣ್ಯ.

"ಸಾರ್, ಅಲ್ಲಿ ಕೈ ಹಾಕ್ಬೇಡಿ. ಒಳಗೆ 20 ಸಾವಿರ ವೋಲ್ಟ್‌ಗಿಂತ ಜಾಸ್ತಿ ಇರತ್ತೆ. ಪ್ಲಗ್ ಕಿತ್ತಮೇಲೂ ಟ್ಯೂಬಲ್ಲಿ ಉಳ್ಕೊಂಡಿರತ್ತೆ." ಸ್ಕ್ರೂಡ್ರೈವರನ್ನು ಮೆಲ್ಲಗೆ ಕೆಳಗಿಟ್ಟೆ. "ಅದಿರ್ಲಿ, ಪಕ್ಕದಲ್ಲಿ ಸ್ಪೀಕರ್ ಏನಾದ್ರೂ ಇಟ್ಟಿದೀರಾ?"

ನೋಡಿದೆ. ಇತ್ತು. ಟೀವಿಯ ಬಲಕ್ಕೆ, ಕೆನ್ನೆಗೆ ಕೆನ್ನೆ ತಾಗಿಸಿಕೊಂಡು. ಅಮ್ಮನಿಗೆ ಭಜನೆ ಕೇಳಲು ಅಂತ ದೀಪಾವಳಿಗೆ ನಾನೇ ತಂದು, ನಾನೇ ಇಟ್ಟಿದ್ದ ಸ್ಪೀಕರು.

ವಿಷಯ ಇಷ್ಟೇ. ಗಾಜಿನ ಹಿಂದೆ ಸಣ್ಣ ಸಣ್ಣ ತೂತಿನ ತೆಳು ತಗಡು ಇರುತ್ತದೆ. ಕೆಂಪು, ಹಸಿರು, ನೀಲಿಗೆ ಒಂದೊಂದರಂತೆ ಮೂರು ಎಲೆಕ್ಟ್ರಾನ್ ಕಿರಣಗಳು ಆ ತೂತುಗಳಲ್ಲಿ ತೂರಿ, ಗಾಜಿಗೆ ಬಳಿದ ತಮ್ಮ ತಮ್ಮ ಬಣ್ಣದ ಚುಕ್ಕಿಗೇ ಬಡಿಯಬೇಕು. ಪಕ್ಕದಲ್ಲಿ ಸ್ಪೀಕರಿನ ಮ್ಯಾಗ್ನೆಟ್ ಇದ್ದರೆ ಕಿರಣ ಸೊಟ್ಟಗಾಗಿ, ಕೆಂಪಿಗೆ ಹೊರಟಿದ್ದು ಹಸಿರಿಗೆ ಬಡಿಯುತ್ತದೆ. ಪಕ್ಕದ ಮನೆ ಬಾಗಿಲಿಗೆ ಪೇಪರ್ ಎಸೆಯುವ ಹುಡುಗನ ಹಾಗೆ.

ಸ್ಪೀಕರ್ ತೆಗೆದೆ. ಹಸಿರು ಪೂರ್ತಿ ಹೋಗಲಿಲ್ಲ. "ತಗಡಿಗೆ ಮ್ಯಾಗ್ನೆಟ್ ಹಿಡ್ಕೊಂಡಿರತ್ತೆ ಸಾರ್. ಆಫ್ ಮಾಡಿ ಆನ್ ಮಾಡಿ. ಡುಂ ಅನ್ನತ್ತಲ್ಲ, ಅದೇ ಬಿಡ್ಸತ್ತೆ."

ಆಫ್, ಆನ್. ಆಫ್, ಆನ್. ಹದಿನಾಲ್ಕು ಸಲ. ಒಂದು ಸಲವೂ ಡುಂ ಅನ್ನಲಿಲ್ಲ. ಮತ್ತೆ ಫೋನ್ ಮಾಡಿದೆ. ಅವನಿಗೆ ನಗು. "ಬಿಸಿ ಇದ್ದಾಗ ಆಗಲ್ಲ ಸಾರ್. ಅರ್ಧ ಗಂಟೆ ಆರಕ್ಕೆ ಬಿಡಿ." ಟ್ಯೂಬಿನ ಸುತ್ತ ಇರುವ ಸುರುಳಿಗೆ ಕರೆಂಟ್ ಹರಿಯುವುದು ಆನ್ ಮಾಡಿದ ಮೊದಲ ಒಂದೆರಡು ಕ್ಷಣ ಮಾತ್ರವಂತೆ. ಅಷ್ಟರಲ್ಲಿ ಅದರ ದಾರಿಯಲ್ಲಿರುವ ಒಂದು ಪುಟ್ಟ ಬಿಲ್ಲೆ ಕಾದು ತಡೆಯುತ್ತದೆ. ಅದು ಆರದೆ ಮತ್ತೆ ಡುಂ ಇಲ್ಲ.

ಆಗ ಏಳಕ್ಕೆ ಹತ್ತು ನಿಮಿಷ. ಅರ್ಧ ಗಂಟೆ ಆಫ್ ಮಾಡೋಣ ಅಂದೆ. ಅಮ್ಮ ನನ್ನ ಮುಖ ನೋಡಿದ ರೀತಿಗೆ ನಾನೇ ಆಫ್ ಆದೆ.

ಧಾರಾವಾಹಿ ಶುರುವಾಯಿತು. ಸೊಸೆ ಬಲಗಡೆಗೆ ನಡೆದಳು, ಕೆನ್ನೆಯ ಮೇಲೆ ಹಸಿರು ಹತ್ತಿತು. ಪಟ್ ಅಂತ ಕರೆಂಟ್ ಹೋಯಿತು.

ಮುಕ್ಕಾಲು ಗಂಟೆ ಕತ್ತಲಲ್ಲಿ ಕೂತೆವು. ಅಮ್ಮ ಕರೆಂಟಿಗೆ, ಸ್ಪೀಕರಿಗೆ, ಅದನ್ನು ತಂದವನಿಗೆ ಸಾಲಾಗಿ ಶಾಪ ಹಾಕಿದಳು. ಕರೆಂಟ್ ಬಂತು. ಟೀವಿ "ಡುಂ" ಅಂತು. ಚಿತ್ರ ಮೂಡಿದಾಗ ಮೂಲೆ ತೊಳೆದಿಟ್ಟ ತಟ್ಟೆಯಂತಿತ್ತು. ಧಾರಾವಾಹಿ ಮುಗಿದುಹೋಗಿತ್ತು, ವಾರ್ತೆ ಓದುವವರ ಮುಖ ಮಾತ್ರ ಮನುಷ್ಯರ ಬಣ್ಣಕ್ಕೆ ಬಂದಿತ್ತು.

ಅಮ್ಮ ಗಣಪತಿಯನ್ನು ನೆಟ್ಟಗೆ ಕೂರಿಸುತ್ತಾ ಹೇಳಿದಳು: "ನೋಡ್ದಾ, ನೀನು ಮುಟ್ಟದೆ ಸುಮ್ನೆ ಕೂತಿದ್ದಕ್ಕೆ ಸರಿಹೋಯ್ತು."

ಅದು ಅಕ್ಷರಶಃ ನಿಜವಾಗಿದ್ದರಿಂದ ನಾನು ಬಾಯಿ ಬಿಡಲಿಲ್ಲ.