ಕಾಲು ಟ್ಯಾಂಕ್ ಪೆಟ್ರೋಲ್ ಇಟ್ಟುಕೊಂಡು ನಡುದಾರಿಯಲ್ಲಿ ನಿಂತಿದ್ದು

ಮೇಗರವಳ್ಳಿ ದಾಟಿ ಆಗುಂಬೆ ಕಡೆ ಹೋಗುವಾಗ ನನ್ನ ಕಾರು ಎರಡು ಸಲ ಕೆಮ್ಮಿತು. ಮೂರನೇ ಸಲ ಕೆಮ್ಮಲಿಲ್ಲ, ಸುಮ್ಮನಾಯಿತು. ಎಂಜಿನ್ ನಿಂತ ಕೂಡಲೇ ಸ್ಟೀರಿಂಗ್ ಒರಳುಕಲ್ಲಿನ ಹಾಗೆ ಬಿಗಿಯಾಯಿತು. ಹೇಗೋ ಎಳೆದಾಡಿ ಪಕ್ಕಕ್ಕೆ ತಂದೆ. ಮುಳ್ಳು ನೋಡಿದರೆ ಕಾಲು ಟ್ಯಾಂಕಿಗಿಂತ ಒಂದು ಕೂದಲು ಕೆಳಗಿದೆ. ಪಕ್ಕದ ಪರದೆಯಲ್ಲಿ ಇನ್ನೂ 140 ಕಿಲೋಮೀಟರ್ ಹೋಗಬಹುದು ಅಂತ ತೋರಿಸುತ್ತಿದೆ. ಹಾಗಾಗಿ ಪೆಟ್ರೋಲಿನ ಮೇಲೆ ಅನುಮಾನ ಬರಲೇ ಇಲ್ಲ. ಬ್ಯಾಟರಿ ಇರಬಹುದಾ, ಕಾಯಿಲ್ ಇರಬಹುದಾ ಅಂತ ಅರ್ಧ ಗಂಟೆ ಬಾನೆಟ್ ಎತ್ತಿಕೊಂಡು ನಿಂತೆ. ಮೊಬೈಲಿನಲ್ಲಿ ಒಂದು ಕಡ್ಡಿ ನೆಟ್‌ವರ್ಕೂ ಇಲ್ಲ. ಆ ರಸ್ತೆಯಲ್ಲಿ ಓಡಾಡುವವರಿಗೆ ಇದು ಹೊಸದೇನಲ್ಲ.

ಗಾಡಿ ಯಾವುದು ಅಂತ ಹೇಳಿಬಿಡುತ್ತೇನೆ, ಕಂಪನಿ ಹೆಸರು ಮಾತ್ರ ಬೇಡ. ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ತಂದದ್ದು, 2014ರ ಮಾಡೆಲ್. ಹಿಂದಿನ ಚಕ್ರ ತಿರುಗಿಸುವ, ನೆಲಕ್ಕೆ ಅಂಟಿಕೊಂಡಂತಿರುವ ಸ್ಪೋರ್ಟಿ ಗಾಡಿ. ಶಿವಮೊಗ್ಗಕ್ಕೆ ತಂದ ದಿನ ಅಮ್ಮ ನೋಡಿ, 'ಇದೆಂಥ ಮಾರಾಯ, ಕಪ್ಪೆ ಕೂತ ಹಾಗಿದೆ' ಅಂದಿದ್ದರು. ಮಲೆನಾಡಿಗೆ ಜೀಪ್ ಬಿಟ್ಟು ಇದನ್ನು ತಂದವನಿಗೆ ಬುದ್ಧಿ ಇಲ್ಲ ಅಂತ ನೆಂಟರೆಲ್ಲ ಒಮ್ಮತದಿಂದ ತೀರ್ಮಾನಿಸಿದ್ದಾರೆ. ಇರಲಿ. ಆಗುಂಬೆಯ 14 ತಿರುವುಗಳಲ್ಲಿ ಇದನ್ನು ಒಮ್ಮೆ ಓಡಿಸಿದವರಿಗೆ ನನ್ನ ಬುದ್ಧಿ ಯಾಕೆ ಕೆಟ್ಟಿತು ಅಂತ ಅರ್ಥವಾಗುತ್ತದೆ.

ರಸ್ತೆ ಪಕ್ಕದ ತೋಟದಿಂದ ಒಬ್ಬ ಹಿರಿಯರು ಬಂದರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕತ್ತಿ. ಒಂದು ಸುತ್ತು ನೋಡಿ, 'ಪೆಟ್ರೋಲ್ ಇದ್ಯಾ?' ಅಂದರು. ಕಾಲು ಟ್ಯಾಂಕ್ ಇದೆ ಅಂದೆ, ಸ್ವಲ್ಪ ಜಂಬದಲ್ಲೇ. 'ಕಡ್ಡಿ ಹಾಕಿ ನೋಡಿದ್ರಾ?'

ಕಾರಿಗೆ ಕಡ್ಡಿ ಹಾಕಿ ನೋಡುವುದು ಹೇಗೆ? ನಗು ಬಂತು. ಅವರಿಗೆ ಬರಲಿಲ್ಲ. ಮನೆಗೆ ಹೋಗಿ, ಅಡಿಕೆಗೆ ಔಷಧಿ ಹೊಡೆಯುವ ಮೋಟರಿಗೆ ಇಟ್ಟಿದ್ದ ಪೆಟ್ರೋಲ್ ಕ್ಯಾನ್ ತಂದರು. 'ಕಳೆ ಹೊಡೆಯೋ ಮೆಷಿನ್ದು ಬೇರೆ ಇದೆ, ಅದಕ್ಕೆ ಆಯಿಲ್ ಬೆರೆಸಿದೆ. ಇದು ಚೊಕ್ಕ ಇದೆ' ಅಂದರು. ಒಂದು ಅಡಿಕೆ ದಬ್ಬೆಯ ಸಿಗುರನ್ನು ಕ್ಯಾನಿಗೆ ಇಳಿಬಿಟ್ಟು ತೆಗೆದರು. ಒದ್ದೆಯಾದ ಕಡೆ ಹೆಬ್ಬೆರಳಿಟ್ಟು, 'ನಾಲ್ಕು ಲೀಟರ್ ಇದೆ' ಅಂದರು. ಸುರಿದೆವು. ನಾಲ್ಕೈದು ಸಲ ಕೀ ತಿರುಗಿಸಿದ ಮೇಲೆ ಗಾಡಿ ಗುರ್ ಅಂತು. ಅವರು ಏನೂ ಹೇಳಲಿಲ್ಲ. ಅದೇ ಜಾಸ್ತಿ ನಾಚಿಕೆ ತಂದಿತು.

ವಾಪಸ್ ತೀರ್ಥಹಳ್ಳಿಗೆ ಬಂದು ಟ್ಯಾಂಕ್ ತುಂಬಿಸಿ ಊರು ಸೇರಿದೆ. ಫುಲ್ ಟ್ಯಾಂಕ್ ಇಟ್ಟುಕೊಂಡು ಬಂದರೆ ಬಿಚ್ಚುವುದಿಲ್ಲ, ಅರ್ಧಕ್ಕಿಂತ ಕೆಳಗೆ ಇಳಿಸಿಕೊಂಡು ಬನ್ನಿ ಅಂದ ನಮ್ಮ ಮೆಕ್ಯಾನಿಕ್. ಒಂದು ವಾರ ಗಾಜನೂರು, ಸಕ್ರೆಬೈಲು ಅಂತ ಹತ್ತಿರದಲ್ಲೇ ಸುತ್ತಾಡಿ ಇಳಿಸಿದೆ.

ಅವತ್ತು ಗ್ಯಾರೇಜಿನಲ್ಲಿ ನೋಡಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಬ್ಯಾಟರಿ ತಂತಿ ಬಿಚ್ಚಿಟ್ಟು, ಹಿಂದಿನ ಸೀಟನ್ನು ಎತ್ತಿ ಪಕ್ಕಕ್ಕಿಟ್ಟ. ಕೆಳಗೆ ಒಂದಲ್ಲ, ಎರಡು ಮುಚ್ಚಳ. ಎಡಕ್ಕೊಂದು, ಬಲಕ್ಕೊಂದು. ಎರಡನ್ನೂ ತೆಗೆದು ಟಾರ್ಚ್ ಬಿಟ್ಟ. ಎಡಗಡೆ ಕೆರೆ, ಬಲಗಡೆ ಬಯಲು. ಎಡ ಭಾಗದಲ್ಲಿ ಪೆಟ್ರೋಲ್ ಹೊಳೆಯುತ್ತಿದೆ. ಬಲ ಭಾಗದಲ್ಲಿ ತಳ ಕಾಣುತ್ತಿದೆ. ಎಂಜಿನ್ನಿಗೆ ಪೆಟ್ರೋಲ್ ಕಳಿಸುವ ಪಂಪ್ ಇರುವುದು ಬಲಗಡೆಯಲ್ಲಿ.

ಯಾಕೆ ಹೀಗೆ ಅಂದರೆ, ಹಿಂದಿನ ಚಕ್ರಕ್ಕೆ ಶಕ್ತಿ ಹೋಗಬೇಕಾದರೆ ಕಾರಿನ ಹೊಟ್ಟೆ ಕೆಳಗೆ ಉದ್ದಕ್ಕೆ ಒಂದು ಶಾಫ್ಟ್ ಹೋಗಬೇಕು. ಟ್ಯಾಂಕ್ ಅದರ ಮೇಲೆ ಕೂರಬೇಕು. ಹಿಂದೆ ಘಟ್ಟ ಹತ್ತಿ ಇಳಿಯುತ್ತಿದ್ದ ಹೇರೆತ್ತುಗಳ ಬೆನ್ನ ಮೇಲೆ ಎರಡು ಕಡೆ ಗೋಣಿ ಇಳಿಬಿಡುತ್ತಿದ್ದರಲ್ಲ, ಥೇಟ್ ಹಾಗೆ. ಮೇಲೆ ಒಂದೇ ಟ್ಯಾಂಕ್, ಕೆಳಗೆ ಎರಡು ಚೀಲ. ಪೆಟ್ರೋಲ್ ತುಂಬ ಇರುವಾಗ ನಡುವಿನ ದಿಬ್ಬ ಮುಳುಗಿರುತ್ತದೆ, ತೊಂದರೆ ಇಲ್ಲ. ದಿಬ್ಬಕ್ಕಿಂತ ಕೆಳಗಿಳಿದ ಮೇಲೆ ಎಡ ಬೇರೆ, ಬಲ ಬೇರೆ. ಎಡದ್ದನ್ನು ಬಲಕ್ಕೆ ಸಾಗಿಸಲು ಒಂದು ಪುಟ್ಟ ಜೆಟ್ ಪಂಪ್ ಇದೆ. ಅದಕ್ಕೆ ಮೋಟರ್ ಇಲ್ಲ. ಮುಖ್ಯ ಪಂಪಿನಿಂದ ಸ್ವಲ್ಪ ಪೆಟ್ರೋಲನ್ನು ಸಣ್ಣ ಬಾಯಿಯಿಂದ ರಭಸವಾಗಿ ಚಿಮ್ಮಿಸಿದರೆ, ಅದು ಸುತ್ತಲಿನದ್ದನ್ನೂ ಎಳೆದುಕೊಂಡು ಹೋಗುತ್ತದೆ. ನಮ್ಮ ಬಾವಿಗಳಿಗೆ ಹಾಕುವ ಜೆಟ್ ಪಂಪಿನಲ್ಲಿ ಎರಡು ಪೈಪ್ ಇರುತ್ತದಲ್ಲ, ಒಂದರಲ್ಲಿ ನೀರು ಕೆಳಗೆ ಕಳಿಸಿ ಇನ್ನೊಂದರಲ್ಲಿ ಜಾಸ್ತಿ ಎತ್ತುವುದು, ಅದೇ ಕೆಲಸ. ನನ್ನ ಗಾಡಿಯಲ್ಲಿ ಆ ಸಣ್ಣ ಬಾಯಿಗೆ ಕಸ ಕಟ್ಟಿಕೊಂಡಿತ್ತು. ಅಷ್ಟೇ.

ಮುಳ್ಳು ಸುಳ್ಳು ಹೇಳಿತಾ? ಇಲ್ಲ! ಎರಡು ಕಡೆಯೂ ಒಂದೊಂದು ತೇಲುಬುರುಡೆ ಇದೆ. ಎರಡನ್ನೂ ಕೂಡಿಸಿ ಕಾಲು ಟ್ಯಾಂಕ್ ಅಂತ ತೋರಿಸಿತು. ಪೆಟ್ರೋಲ್ ನಿಜವಾಗಿಯೂ ಇತ್ತು. ಇದೆಯಾ ಅಂತ ಕೇಳಿದರೆ ಇದೆ, ಸಿಗುತ್ತದಾ ಅಂತ ಕೇಳಿದರೆ ಇಲ್ಲ. ಬ್ಯಾಂಕಿನಲ್ಲಿ ಫಿಕ್ಸೆಡ್ ಡಿಪಾಸಿಟ್ ಇಟ್ಟು ಜೇಬಿನಲ್ಲಿ ಚಹಾಕ್ಕೆ ಕಾಸಿಲ್ಲದ ಪರಿಸ್ಥಿತಿ. ಕೆಂಪು ದೀಪವೂ ಒಟ್ಟು ಲೆಕ್ಕ ನೋಡಿಯೇ ಉರಿಯುವುದರಿಂದ ಅದೂ ಸುಮ್ಮನಿತ್ತು.

ಮೆಕ್ಯಾನಿಕ್ ಆ ತೇಲುಬುರುಡೆಯ ಜೋಡಣೆಯನ್ನು ನನ್ನ ಕೈಗೆ ಕೊಟ್ಟ. ಇಷ್ಟು ವರ್ಷ ನಂಬಿಕೊಂಡ ಮುಳ್ಳಿನ ಹಿಂದಿರುವುದು ಇಷ್ಟೇನಾ ಅನಿಸಿತು. ಒಂದು ಬಾಗಿದ ತಂತಿ. ತುದಿಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಬುರುಡೆ. ಇನ್ನೊಂದು ತುದಿಯಲ್ಲಿ ಎರಡು ಮೂರು ಲೋಹದ ಬೆರಳು. ಬುರುಡೆ ಏರಿಳಿದ ಹಾಗೆ ಅವು ಒಂದು ಪಟ್ಟಿಯ ಮೇಲೆ ಉಜ್ಜುತ್ತವೆ, ವಿದ್ಯುತ್ತಿನ ತಡೆ ಬದಲಾಗುತ್ತದೆ. ಹಳೇ ರೇಡಿಯೋದ ವಾಲ್ಯೂಮ್ ತಿರುಗಣೆಯ ಹಾಗೆ. ಮೆಕ್ಯಾನಿಕ್ ಮಲ್ಟಿಮೀಟರ್ ಹಚ್ಚಿ ಬುರುಡೆಯನ್ನು ಬೆರಳಿನಿಂದ ನಿಧಾನಕ್ಕೆ ಎತ್ತಿದ. ಅಂಕಿ ಹಂತ ಹಂತವಾಗಿ ಬದಲಾಗುತ್ತಾ ಬಂದು, ಒಂದು ಕಡೆ ಎಗರಿ, ಮತ್ತೆ ಸರಿಹೋಯಿತು. 'ನೋಡಿ, ಇಲ್ಲಿ ಪಟ್ಟಿ ಸವೆದಿದೆ' ಅಂದ. ಬೆರಳುಗಳು ಕಪ್ಪಾಗಿದ್ದವು. ಇವುಗಳಲ್ಲಿ ಬೆಳ್ಳಿಯ ಅಂಶ ಇರುತ್ತದೆ, ಪೆಟ್ರೋಲಿನ ಗಂಧಕ ತಾಗಿ ಕಪ್ಪಾಗುತ್ತದೆ. ಅಜ್ಜಿಯ ಬೆಳ್ಳಿ ಕುಂಕುಮ ಭರಣಿ ಕಪ್ಪಾಗುವುದೂ ಗಂಧಕದಿಂದಲೇ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಅನ್ನುವ ಹೊಗೆ ನಿಯಮ ಬಂದ ಮೇಲೆ ಪೆಟ್ರೋಲಿನಲ್ಲಿ ಗಂಧಕದ ಮಿತಿಯನ್ನು ಹತ್ತು ಲಕ್ಷಕ್ಕೆ 50 ಪಾಲಿನಿಂದ 10ಕ್ಕೆ ಇಳಿಸಿದರು. ನನ್ನ ಗಾಡಿ ಅದಕ್ಕೆ ಮುಂಚಿನ ಪೆಟ್ರೋಲನ್ನೂ ಸಾಕಷ್ಟು ಕುಡಿದಿದೆ.

ಅವತ್ತಿನಿಂದ ಮುಳ್ಳಿನ ಹಿಂದೆ ಬಿದ್ದಿದ್ದೇನೆ. ಮನೆಯವಳು ಬೈಯುವಷ್ಟು.

ಫುಲ್ ಟ್ಯಾಂಕ್ ಮಾಡಿಸಿದ ಮೇಲೆ ಮುಳ್ಳು 70, 80 ಕಿಲೋಮೀಟರ್ ತನಕ ಅಲ್ಲಾಡುವುದೇ ಇಲ್ಲ ಅಂತ ಖುಷಿಪಡುತ್ತೇವಲ್ಲ? ಬುರುಡೆ ಮೇಲಿನ ಅಂಚಿಗೆ ತಾಗಿದ ಮೇಲೂ ಟ್ಯಾಂಕಿಗೆ ಪೆಟ್ರೋಲ್ ಹೋಗುತ್ತಲೇ ಇರುತ್ತದೆ. ಅದು ಖರ್ಚಾಗುವ ತನಕ ಬುರುಡೆ ಕದಲುವುದಿಲ್ಲ. ಆಮೇಲೆ ಅರ್ಧದಿಂದ ಕೆಳಗೆ ಮುಳ್ಳು ದಡದಡ ಇಳಿಯುತ್ತದೆ. ಪೆಟ್ರೋಲ್ ಕದ್ದರು ಅಂತ ಅನುಮಾನ ಬೇರೆ. ಟ್ಯಾಂಕ್ ಕೊಡಪಾನದ ಹಾಗೆ, ಮೇಲಿನಿಂದ ಕೆಳಗಿನ ತನಕ ಒಂದೇ ಅಗಲ ಇರುವುದಿಲ್ಲ. ಬುರುಡೆಗೆ ಗೊತ್ತಿರುವುದು ಎತ್ತರ ಮಾತ್ರ, ಲೀಟರ್ ಅಲ್ಲ. ಸ್ಪೋರ್ಟಿ ಗಾಡಿಗಳಲ್ಲಿ ಭಾರ ತಗ್ಗಿನಲ್ಲಿರಲಿ ಅಂತ ಟ್ಯಾಂಕನ್ನೂ ಚಪ್ಪಟೆ ಮಾಡಿರುತ್ತಾರೆ. ಚಪ್ಪಟೆ ತಟ್ಟೆಯಲ್ಲಿ ನೀರಿಟ್ಟು ಸ್ವಲ್ಪ ವಾರೆ ಮಾಡಿ ನೋಡಿ, ಎಲ್ಲಾ ಒಂದು ಕಡೆ ಓಡುತ್ತದೆ. ನಮ್ಮಲ್ಲಿ ಸಮತಟ್ಟು ರಸ್ತೆ ಎಲ್ಲಿದೆ? ಸಂಬಂಧಿಕರ ಮನೆಯ ಇಳಿಜಾರು ಅಂಗಳದಲ್ಲಿ ರಾತ್ರಿ ನಿಲ್ಲಿಸಿ ಬೆಳಿಗ್ಗೆ ಕೀ ಹಾಕಿದರೆ ಒಂದು ಗೆರೆ ಜಾಸ್ತಿಯೋ ಕಮ್ಮಿಯೋ ಇದ್ದೇ ಇರುತ್ತದೆ.

ಹಳೇ ಜೀಪುಗಳಲ್ಲಿ ಮುಳ್ಳು ಕುಣಿಯುತ್ತಿತ್ತು, ನೆನಪಿದೆಯಾ? ತಿರುವಿನಲ್ಲಿ ಅರ್ಧಕ್ಕೆ ಹೋಗಿ, ನೆಟ್ಟಗಾದಾಗ ಕಾಲಿಗೆ ಬರುತ್ತಿತ್ತು. ಅದು ಅಂದಾಜು ಅಂತ ನೋಡಿದವರಿಗೆಲ್ಲ ಗೊತ್ತಾಗುತ್ತಿತ್ತು. ಈಗಿನ ಗಾಡಿಗಳಲ್ಲಿ ಕಂಪ್ಯೂಟರ್ ಆ ಕುಣಿತವನ್ನು ಸರಾಸರಿ ಮಾಡಿ, ನಯ ಮಾಡಿ ತೋರಿಸುತ್ತದೆ. ಮುಳ್ಳು ಗಂಭೀರವಾಗಿ ಕೂತಿರುತ್ತದೆ. ಒಳಗೆ ಬುರುಡೆ ಮಾತ್ರ ಅದೇ ಹಳೇ ಕುಣಿತ.

ನನ್ನ ನಿಜವಾದ ಸಿಟ್ಟಿರುವುದು ಮುಳ್ಳಿನ ಮೇಲಲ್ಲ, ಆ 140ರ ಮೇಲೆ. ಸವೆದ ಪಟ್ಟಿಯ ಮೇಲೆ ಉಜ್ಜುವ ತಂತಿಯ ಮಾತನ್ನು ಹಿಡಿದು, ಅದಕ್ಕೆ ಇತ್ತೀಚಿನ ಮೈಲೇಜ್ ಗುಣಿಸಿ, ಬಿಡಿ ಕಿಲೋಮೀಟರ್ ಲೆಕ್ಕದಲ್ಲಿ ಹೇಳುವ ಧೈರ್ಯ ನೋಡಿ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವಾಗ ಒಮ್ಮೆ ಗಮನಿಸಿ. ಗೇರಿನಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ನಿಗೆ ಪೆಟ್ರೋಲ್ ಹೋಗುವುದೇ ನಿಲ್ಲುತ್ತದೆ. ಮೇಲೆ 180 ಇದ್ದದ್ದು ಕೆಳಗೆ ಹೋಗುವಷ್ಟರಲ್ಲಿ 205 ಆಗಿತ್ತು. ಓಡಿದಷ್ಟೂ ಪೆಟ್ರೋಲ್ ಹುಟ್ಟುತ್ತಿದೆ! ಸಂಜೆ ವಾಪಸ್ ಹತ್ತುವಾಗ 14 ತಿರುವೂ ಬಡ್ಡಿ ಸಮೇತ ವಸೂಲಿ ಮಾಡಿದವು. ಮೇಲಾಗಿ ಈಗಿನ ಪೆಟ್ರೋಲೇ ಬೇರೆ. 2023ರ ಫೆಬ್ರವರಿಯಿಂದ ಬಂಕುಗಳಿಗೆ ಇ20, ಅಂದರೆ ನೂರಕ್ಕೆ 20 ಪಾಲು ಎಥನಾಲ್ ಬೆರೆಸಿದ ಪೆಟ್ರೋಲ್, ಬರಲು ಶುರುವಾಯಿತು. ಎಥನಾಲ್‌ನಲ್ಲಿ ಲೀಟರಿಗೆ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಶಕ್ತಿ ಕಮ್ಮಿ. ಲೀಟರ್ ಅದೇ ಇದ್ದರೂ ದೂರ ಅದೇ ಅಲ್ಲ.

ನಮ್ಮ ಕಡೆ ತೋಟ ಚೇಣಿ ಹಿಡಿಯುವವರು, ಅಂದರೆ ಫಸಲನ್ನು ಮರದಲ್ಲಿರುವಾಗಲೇ ಗುತ್ತಿಗೆಗೆ ತೆಗೆದುಕೊಳ್ಳುವವರು, ಮರದ ಮೇಲಿನ ಅಡಿಕೆ ಗೊನೆ ನೋಡಿ, ಇಷ್ಟು ಕ್ವಿಂಟಾಲ್ ಆಗಬಹುದು ಅಂತ ಮಾತಾಡುತ್ತಾರೆ. ಕೊಡುವವನಿಗೂ ಹಿಡಿಯುವವನಿಗೂ ಅದು ಅಂದಾಜು ಅಂತ ಗೊತ್ತು. ಕೊಳೆ ರೋಗ ಬಂದರೆ ಏನು, ಗಾಳಿಗೆ ಬಿದ್ದರೆ ಏನು ಅಂತ ಇಬ್ಬರೂ ಮನಸ್ಸಿನಲ್ಲೇ ಕಳೆದುಕೊಂಡಿರುತ್ತಾರೆ. ಹನ್ನೆರಡು ಕ್ವಿಂಟಾಲ್ ಮೂವತ್ತೇಳು ಕೆಜಿ ಅಂತ ಯಾವನಾದರೂ ಮರ ನೋಡಿಯೇ ಹೇಳಿದರೆ ಅವನಿಗೆ ತೋಟ ಕೊಡುತ್ತೀರಾ? ಕಾರಿಗೆ ಮಾತ್ರ ಕೊಡುತ್ತೇವೆ. '100ರಿಂದ 150' ಅಂತ ತೋರಿಸಿದರೆ ಗಾಡಿ ಮಾರಾಟ ಆಗಲ್ಲ ಅಂತ ಅವರಿಗೆ ಭಯವೋ ಏನೋ. ನನಗಂತೂ ಅದೇ ಜಾಸ್ತಿ ನಂಬಿಕೆ ಹುಟ್ಟಿಸುತ್ತಿತ್ತು.

ಇದರ ಪೆಟ್ಟು ಬೀಳುವುದು ಬಂಕಿನ ಹುಡುಗರ ಮೇಲೆ. 500 ರೂಪಾಯಿ ಹಾಕಿಸಿ ಮುಳ್ಳು ಏರಲಿಲ್ಲ ಅಂತ ಜಗಳ ಮಾಡುವವರನ್ನು ಶಿವಮೊಗ್ಗದ ಬಿ.ಎಚ್. ರೋಡಿನಲ್ಲಿ ನಾನೇ ಕಂಡಿದ್ದೇನೆ. ಲೀಟರ್ ನೂರು ರೂಪಾಯಿ ದಾಟಿರುವಾಗ 500ಕ್ಕೆ ಐದು ಲೀಟರೂ ಬರುವುದಿಲ್ಲ. 60 ಲೀಟರ್ ಟ್ಯಾಂಕಿನಲ್ಲಿ ಅದು ಹನ್ನೆರಡರಲ್ಲಿ ಒಂದು ಪಾಲೂ ಅಲ್ಲ. ಎಂಜಿನ್ ಆಫ್ ಮಾಡದೆ ಹಾಕಿಸಿದರೆ ಕೆಲವು ಗಾಡಿಗಳ ಕಂಪ್ಯೂಟರ್, ಇದು ತುಳುಕಾಟ ಇರಬೇಕು ಅಂತ ಆ ಏರಿಕೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅನುಮಾನ ಇದ್ದರೆ ಕೇಳಲು ದಾರಿ ಇದೆ. ಬಂಕಿನಲ್ಲಿ ಸರ್ಕಾರಿ ಮುದ್ರೆ ಇರುವ 5 ಲೀಟರ್ ಅಳತೆಪಾತ್ರೆ ಇಟ್ಟಿರಲೇಬೇಕು. ಅದಕ್ಕೆ ಹಿಡಿಸಿ ನೋಡಬಹುದು. 25 ಮಿಲಿಲೀಟರ್ ತನಕ ಹೆಚ್ಚೋ ಕಮ್ಮಿಯೋ ಬಂದರೆ ಮಾತ್ರ ವಿನಾಯಿತಿ. ಹಾಗೆಯೇ, ನಾಜಲ್ ಟಕ್ ಅಂತ ನಿಂತ ಮೇಲೂ ರೌಂಡ್ ಫಿಗರ್‌ಗೋಸ್ಕರ ಜಗ್ಗಿ ಜಗ್ಗಿ ಹಾಕಿಸಬೇಡಿ. ಪೆಟ್ರೋಲ್ ಬಿಸಿಲಿಗೆ ಹಿಗ್ಗುತ್ತದೆ, ಮೇಲೆ ಬಿಟ್ಟಿರುವ ಖಾಲಿ ಜಾಗ ಅದಕ್ಕೇ ಇರುವುದು. ಆವಿ ಹೀರುವ ಇದ್ದಿಲಿನ ಡಬ್ಬಿಗೆ ಪೆಟ್ರೋಲ್ ನುಗ್ಗಿದರೆ ಅದರ ಬಿಲ್ಲು ನೋಡಿ ನಿಮಗೇ ಬಿಸಿಯಾಗುತ್ತದೆ.

ನಾನೀಗ ಟ್ರಿಪ್ ಮೀಟರ್ ನಂಬುತ್ತೇನೆ. ಒಂದೇ ಬಂಕ್, ಮೊದಲನೇ ಟಕ್‌ಗೆ ನಿಲ್ಲಿಸುವುದು, ಸೊನ್ನೆ ಮಾಡುವುದು. ಮತ್ತೆ ತುಂಬಿಸುವಾಗ ಹಿಡಿದ ಲೀಟರಿನಿಂದ ಓಡಿದ ಕಿಲೋಮೀಟರನ್ನು ಭಾಗಿಸುವುದು. ಘಟ್ಟದ ಕಡೆ ಓಡಾಡಿದರೆ ನನಗೆ 10ರ ಆಸುಪಾಸು ಬರುತ್ತದೆ, ಬೆಂಗಳೂರು ಹೈವೇಯಲ್ಲಿ 14. ಜೆಟ್ ಪಂಪ್ ಸರಿಯಾಗಿದೆ, ಪಟ್ಟಿಯೂ ಹೊಸದು. ಆದರೂ 350 ದಾಟಿದರೆ ಮುಳ್ಳು ಏನೇ ಹೇಳಲಿ, ಬಂಕಿಗೆ ತಿರುಗಿಸುತ್ತೇನೆ.

ಕಳೆದ ಭಾನುವಾರ ಆ ಹಿರಿಯರ ಸಾಲ ತೀರಿಸಲು ಹೋಗಿದ್ದೆ. ಲೋಹದ ಕ್ಯಾನಿನಲ್ಲಿ ಬಿಲ್ ಪ್ರಕಾರ ಸರಿಯಾಗಿ ನಾಲ್ಕು ಲೀಟರ್. ಅಂಗಳದಲ್ಲಿ ಇಟ್ಟ ಕೂಡಲೇ ಅವರು ಹಳೇ ಸಿಗುರು ತಂದು ಅದ್ದಿದರು. ಹೆಬ್ಬೆರಳಿಟ್ಟು ನೋಡಿ, 'ಮೂರೂವರೆ ಇದೆಯಲ್ಲ' ಅಂದರು. ನಾನು ಬಿಲ್ ತೆಗೆಯುವ ಮೊದಲೇ ಜಗಲಿಯಿಂದ ಅವರ ಹೆಂಡತಿ ಕೂಗಿದರು: 'ಕ್ಯಾನ್ ವಾರೆ ಇದೆ ಮಾರಾಯ್ರೆ, ಸಮ ಇಟ್ಟು ನೋಡಿ!'